ಜನರೇಟರಿನ ಹೊರೆ: ಮೊದಲು ಪಟ್ಟಿ, ಆಮೇಲೆ ಯಂತ್ರ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಕರೆಂಟಿನ ಭರವಸೆ ಬಿಟ್ಟಂತೆಯೇ ಸರಿ. ಕಾಡಿನ ಅಂಚಿನಲ್ಲಿ, ತೋಟದ ನೆರಳುಮರಗಳ ನಡುವೆ ಹಾದುಬರುವ ಹನ್ನೊಂದು ಸಾವಿರ ವೋಲ್ಟಿನ ತಂತಿಯ ಮೇಲೆ ಒಂದು ಕೊಂಬೆ ಬಿದ್ದರೆ ಸಾಕು, ಮೂರು ಊರಿಗೆ ಕತ್ತಲೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳು ಕುಸಿದಾಗ ಕಂಬ, ತಂತಿ, ರಸ್ತೆ ಮೂರೂ ಒಟ್ಟಿಗೇ ಹೋದುವು. ಶರಾವತಿ, ವಾರಾಹಿ, ಕಾಳಿ ನದಿಗಳ ನೀರಿನಿಂದ ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆಯವರೇ ಮಳೆಗಾಲದಲ್ಲಿ ಮೇಣದ ಬತ್ತಿ ಹುಡುಕುವುದು ವಿಪರ್ಯಾಸ. ಈ ವಿಷಯದಲ್ಲಿ ದೂರುವುದಕ್ಕೆ ಬೇಕಾದಷ್ಟಿದೆ. ಆದರೆ ಇಂದಿನ ನನ್ನ ವಿಷಯ ದೂರಲ್ಲ. ಆ ಕತ್ತಲೆಗೆ ಪರಿಹಾರವೆಂದು ನಾವು ಮನೆಗೆ ತಂದುಕೊಳ್ಳುತ್ತಿರುವ ಸಣ್ಣ ಜನರೇಟರಿನ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ಎರಡು-ಮೂರು ಎಕರೆ ತೋಟವಿರುವ ಬೆಳೆಗಾರನೂ ಈಗ ಎರಡು ಅಥವಾ ಮೂರು ಕೆ.ವಿ.ಎ.ಯ ಒಂದು ಜನರೇಟರನ್ನು ಇಟ್ಟುಕೊಳ್ಳುವ ಕಾಲ ಬಂದಿದೆ. ಇದು ತಪ್ಪಲ್ಲ, ಐಷಾರಾಮವೂ ಅಲ್ಲ. ಬಾವಿಯ ನೀರು ಮೇಲೆ ಬರಬೇಕು, ಅಡಿಕೆ ಸುಲಿಯುವ ಯಂತ್ರ ತಿರುಗಬೇಕು, ಕೊಯ್ದ ಕಾಫಿ ಹಣ್ಣು ಅದೇ ದಿನ ಪಲ್ಪರಿಗೆ ಹೋಗಬೇಕು. ಆದರೆ ಯಂತ್ರ ಮನೆಗೆ ಬಂದ ಮೇಲೆ ನಮ್ಮ ನಡತೆ ಹೇಗಿರುತ್ತದೆ? ಹಗ್ಗ ಎಳೆದು ಚಾಲೂ ಮಾಡಿ, ಮನೆಯ ಸ್ವಿಚ್ಚುಗಳನ್ನೆಲ್ಲ ಒತ್ತಿ, ಲೈನಿನ ಕರೆಂಟು ಬಂದಂತೆಯೇ ಬಳಸತೊಡಗುತ್ತೇವೆ. ಲೈನಿನ ಹಿಂದೆ ಅಣೆಕಟ್ಟುಗಳಿವೆ, ಜನರೇಟರಿನ ಹಿಂದೆ ಒಂದು ಸಣ್ಣ ಎಂಜಿನ್ ಮಾತ್ರ ಇದೆ. ಈ ವ್ಯತ್ಯಾಸವನ್ನು ಮರೆತಲ್ಲಿಂದ ಕೆಡುಕು ಪ್ರಾರಂಭವಾಗುತ್ತದೆ. ಸುಟ್ಟುಹೋದ ಮೇಲೆ ಯಂತ್ರ ಕಳಪೆ, ಅಂಗಡಿಯವನು ಮೋಸಗಾರ ಎನ್ನುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊರೆಯ ಪಟ್ಟಿ ಬರೆಯದೆ ಜನರೇಟರು ಕೊಳ್ಳಬಾರದು, ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಮನೆಯ ವೈರಿಂಗಿಗೆ ಜೋಡಿಸಬಾರದು. ಈ ಎರಡು ವಿಷಯಗಳಲ್ಲಿ ನಮ್ಮ ಸಂಘಗಳು ಸದಸ್ಯರಿಗೆ ಬುದ್ಧಿ ಹೇಳಿ ಸುಮ್ಮನಾಗದೆ, ಒಂದು ಕಟ್ಟುಪಾಡನ್ನೇ ಮಾಡತಕ್ಕದ್ದು.

ನಾಮಫಲಕ ಹೇಳುವುದೇನು?

ಜನರೇಟರಿನ ಮೇಲಿನ ತಗಡಿನಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ, ಒಂದು ಗರಿಷ್ಠ, ಇನ್ನೊಂದು ನಿರಂತರ. ಗರಿಷ್ಠ ಎಂಬುದು ಕೆಲವು ಕ್ಷಣಗಳ ಮಟ್ಟಿಗೆ ಮಾತ್ರ. ಅಂಗಡಿಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಅದೇ. ನಮ್ಮ ಲೆಕ್ಕಕ್ಕೆ ಬೇಕಾದುದು ನಿರಂತರ ಸಾಮರ್ಥ್ಯ.

ಇನ್ನೊಂದು ಗೊಂದಲ ಕೆ.ವಿ.ಎ. ಮತ್ತು ವಾಟಿನದು. ಮೋಟಾರುಗಳಿರುವ ಮನೆಯಲ್ಲಿ ಕೆ.ವಿ.ಎ.ಯನ್ನು 0.8ರಿಂದ ಗುಣಿಸಿ ವಾಟ್ ಲೆಕ್ಕ ಹಿಡಿಯುವುದು ವಾಡಿಕೆ. ನಿರಂತರ ಸಾಮರ್ಥ್ಯ 3 ಕೆ.ವಿ.ಎ. ಎಂದಿದ್ದರೆ 2,400 ವಾಟ್ ಆಯಿತು. ನಮ್ಮ ಕಡೆಯವರು ಇಲ್ಲಿಗೇ ನಿಲ್ಲಿಸುವಂತಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ತೆಳು ಗಾಳಿಯಲ್ಲಿ ಎಂಜಿನ್ನಿನ ಕಸುವೂ ಇಳಿಯುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇಕಡಾ ಮೂರೂವರೆಯಂತೆ ಕಳೆಯಬೇಕೆಂಬುದು ಎಂಜಿನ್ ತಯಾರಕರ ಸಾಮಾನ್ಯ ಲೆಕ್ಕ. ಚಿಕ್ಕಮಗಳೂರು, ಮಡಿಕೇರಿ ಪಟ್ಟಣಗಳೇ ಸಾವಿರ ಮೀಟರಿಗಿಂತ ಮೇಲಿವೆ, ಅನೇಕ ಕಾಫಿ ತೋಟಗಳು ಇನ್ನೂ ಮೇಲೆ. ಹಾಗಾಗಿ ಅಲ್ಲಿ 2,400 ವಾಟಿನ ಯಂತ್ರ ಸುಮಾರು 2,100 ವಾಟಿನದಾಗುತ್ತದೆ. ಪುತ್ತೂರು, ಸುಳ್ಯ ಕಡೆಯ ಅಡಿಕೆ ಬೆಳೆಗಾರರಿಗೆ ಈ ಕಡಿತ ಅತ್ಯಲ್ಪ. ಯಾವ ಯಂತ್ರವನ್ನೂ ಗಂಟೆಗಟ್ಟಲೆ ಪೂರ್ತಿ ಹೊರೆಯಲ್ಲಿ ದುಡಿಸಬಾರದು, ಐದರಲ್ಲಿ ಒಂದು ಪಾಲು ಬಿಡುವು ಕೊಡಬೇಕು. ಹೀಗೆ ಕಳೆದು ಉಳಿಯುವುದು ಸುಮಾರು 1,700 ವಾಟ್. ಅಂಗಡಿಯಲ್ಲಿ ಮೂರು ಸಾವಿರ ಎಂದು ಕೊಂಡದ್ದು ಬೆಟ್ಟದ ಮನೆಗೆ ಬರುವಾಗ ಸಾವಿರದೇಳುನೂರು. ಹಾಸಿಗೆ ಇಷ್ಟೇ ಇರುವಾಗ ಕಾಲು ಎಷ್ಟು ಚಾಚಬೇಕೆಂಬುದು ಗೊತ್ತಿರಬೇಕು.

ಒಂದು ಮನೆಯ ಲೆಕ್ಕ

ಸಾಧಾರಣ ಬೆಳೆಗಾರನ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂಬತ್ತು ವಾಟಿನ ಆರು ಎಲ್.ಇ.ಡಿ. ದೀಪಗಳು, 54 ವಾಟ್. ಎರಡು ಫ್ಯಾನು, 150. ಟಿ.ವಿ., 100. ಫ್ರಿಜ್ಜು ಓಡುತ್ತಿರುವಾಗ, 150. ಒಟ್ಟು 454 ವಾಟ್. ಇದಕ್ಕೆ 750 ವಾಟಿನ ಮಿಕ್ಸಿ ಸೇರಿದರೆ 1,204. ಯಂತ್ರ ನಿರಾಯಾಸವಾಗಿ ಹೊರುತ್ತದೆ.

ಈಗ ಒಂದು ಅಶ್ವಶಕ್ತಿಯ ಬಾವಿ ಪಂಪನ್ನು ಸೇರಿಸಿ. ಒಂದು ಅಶ್ವಶಕ್ತಿ ಎಂದರೆ 746 ವಾಟ್ ತಾನೆ ಎಂದು ಅನೇಕರು ಲೆಕ್ಕ ಹಾಕುತ್ತಾರೆ. ಅದು ಮೋಟಾರು ಕೊಡುವ ಶಕ್ತಿಯೇ ಹೊರತು ತೆಗೆದುಕೊಳ್ಳುವ ಶಕ್ತಿಯಲ್ಲ. ಸಣ್ಣ ಮೋಟಾರುಗಳಲ್ಲಿ ನಷ್ಟ ಹೆಚ್ಚು. ಆದುದರಿಂದ ಒಂದು ಅಶ್ವಶಕ್ತಿಯ ಪಂಪು ಸುಮಾರು 1,200 ವಾಟ್ ಎಳೆಯುತ್ತದೆ ಎಂದು ಹಿಡಿಯುವುದೇ ಕ್ಷೇಮ. ಹಿಂದಿನ 454ಕ್ಕೆ ಇದು ಸೇರಿದರೆ 1,654. ಅಂಚಿಗೆ ಬಂದು ನಿಂತೆವು. ಈ ಹೊತ್ತಿನಲ್ಲಿ ಒಳಗೆ ಯಾರಾದರೂ ಮಿಕ್ಸಿ ತಿರುಗಿಸಿದರೆ ಯಂತ್ರದ ಮೇಲೆ 2,400 ವಾಟಿನ ಹೊರೆ ಬಿತ್ತು. ಇಸ್ತ್ರಿ ಪೆಟ್ಟಿಗೆ ಸಾವಿರ ವಾಟಿನದು, ನೀರು ಕಾಯಿಸುವ ಗೀಸರು ಮತ್ತು ಇಂಡಕ್ಷನ್ ಒಲೆ ಎರಡು ಸಾವಿರದ ಆಸುಪಾಸಿನವು. ಕಾಯಿಸುವ ಸಾಮಾನುಗಳು ಯಾವುವೂ ಸಣ್ಣ ಜನರೇಟರಿನ ಬಾಬತ್ತಲ್ಲ. ಹಂಡೆಯ ಒಲೆ ಇರುವ ಮನೆಗಳಲ್ಲಿ ಗೀಸರಿಗೆ ಪೆಟ್ರೋಲು ಸುಡುವುದು ವಿವೇಕವೂ ಅಲ್ಲ.

ಓಡುವಾಗಿನ ಹೊರೆಗಿಂತಲೂ ಹೊರಡುವಾಗಿನ ಹೊರೆ ದೊಡ್ಡದು ಎಂಬುದು ಇನ್ನೂ ಮುಖ್ಯ. ನಿಂತ ಗಾಡಿಯನ್ನು ಎಳೆಯಲು ಎತ್ತು ಮೊದಲ ಹೆಜ್ಜೆಗೆ ಎಷ್ಟು ತಿಣುಕುತ್ತದೆಯೋ ಮೋಟಾರೂ ಹಾಗೆಯೇ. ಶುರುವಾಗುವ ಆ ಒಂದೆರಡು ಕ್ಷಣ ಅದು ಓಡುವಾಗಿನ ನಾಲ್ಕಾರು ಪಟ್ಟು ಕರೆಂಟನ್ನು ಎಳೆಯುತ್ತದೆ. ಒಂದು ಅಶ್ವಶಕ್ತಿಯ ಪಂಪಿಗೆ ಮೂರು ಕೆ.ವಿ.ಎ.ಗಿಂತ ಕಡಿಮೆ ಸಾಲದು, ಎರಡು ಅಶ್ವಶಕ್ತಿಗೆ ಐದಾರು ಕೆ.ವಿ.ಎ. ಬೇಕು ಎಂದು ತಿಳಿದವರು ಹೇಳುವುದು ಇದೇ ಕಾರಣಕ್ಕೆ. ಹೀಗಿರುವಲ್ಲಿ ಭಾರವಾದದ್ದನ್ನು ಮೊದಲು ಒಂಟಿಯಾಗಿ ಹೊರಡಿಸಬೇಕು. ಅದು ಸಮನಾಗಿ ಓಡತೊಡಗಿದ ಮೇಲೆ ಹಗುರವಾದವುಗಳನ್ನು ಒಂದೊಂದಾಗಿ ಸೇರಿಸಬೇಕು. ದೀಪ, ಫ್ಯಾನು, ಟಿ.ವಿ. ಎಲ್ಲ ಓಡುತ್ತಿರುವಾಗ ಪಂಪಿನ ಸ್ವಿಚ್ ಒತ್ತುವುದು ತಲೆಕೆಳಗಾದ ಕ್ರಮ.

ಫ್ರಿಜ್ಜಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದು ನಮ್ಮನ್ನು ಕೇಳಿ ಶುರುವಾಗುವುದಿಲ್ಲ, ತಣುಪು ಇಳಿದಾಗ ತಾನಾಗಿಯೇ ಹೊರಡುತ್ತದೆ. ಪಂಪು ಓಡುತ್ತಿರುವಾಗಲೇ ಅದು ಹೊರಟರೆ ಎರಡು ಹೊರೆ ಒಮ್ಮೆಗೇ ಬಿದ್ದಂತೆ. ಆದುದರಿಂದ ಪಂಪು ನಡೆಯುವ ಅರ್ಧ ಗಂಟೆ ಫ್ರಿಜ್ಜಿನ ಸ್ವಿಚ್ ಆರಿಸಿಡುವುದು ಒಳ್ಳೆಯದು. ಬಾಗಿಲು ಮುಚ್ಚಿದ ಫ್ರಿಜ್ಜಿನಲ್ಲಿ ಅಷ್ಟರೊಳಗೆ ಹಾಲು ಕೆಡುವುದಿಲ್ಲ.

ಹೊರೆ ಮೀರಿದರೆ ಆಗುವುದೇನು?

ಹೊರೆ ಹೆಚ್ಚಾದಾಗ ಎಂಜಿನ್ನಿನ ವೇಗ ಕುಗ್ಗುತ್ತದೆ. ಸಾಮಾನ್ಯ ಮಾದರಿಯ ಸಣ್ಣ ಜನರೇಟರು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಮಾತ್ರ 50 ಹರ್ಟ್ಸ್ ಕೊಡಬಲ್ಲದು. ವೇಗ ಕುಗ್ಗಿದಂತೆ ವೋಲ್ಟೇಜೂ ಇಳಿಯುತ್ತದೆ. ವೋಲ್ಟೇಜು ಇಳಿದರೆ ಮೋಟಾರು ಕಡಿಮೆ ಕರೆಂಟು ಎಳೆಯಬಹುದೆಂದು ಭಾವಿಸುವುದು ತಪ್ಪು. ಹೊತ್ತ ಕೆಲಸ ಅಷ್ಟೇ ಇರುವಾಗ ಅದು ಹೆಚ್ಚು ಎಳೆಯುತ್ತದೆ, ಕಾಯುತ್ತದೆ. ಶೇಕಡಾ 20 ವೋಲ್ಟೇಜು ಇಳಿದರೆ ಮೋಟಾರಿನ ತಿರುಗುವ ಬಲ ಶೇಕಡಾ 64ಕ್ಕೆ ಇಳಿಯುತ್ತದೆ. ಆಗ ಅದು ಹೊರಡಲಾರದೆ ಗುಂಯ್ ಎಂದು ನಿಂತಲ್ಲೇ ನಿಲ್ಲುತ್ತದೆ, ನಿಂತ ಮೋಟಾರಿನ ಸುರುಳಿ ನಿಮಿಷಗಳಲ್ಲಿ ಸುಡುತ್ತದೆ. ಈ ಕಡೆ ಜನರೇಟರಿನ ಸುರುಳಿಯೂ ಕಾಯುತ್ತದೆ. ಹೀಗೆ ಒಂದು ತಪ್ಪಿಗೆ ಎರಡು ಯಂತ್ರಗಳು ರಿವೈಂಡಿಂಗಿಗೆ ಹೋಗುತ್ತವೆ. ಮಳೆಗಾಲದಲ್ಲಿ ರಿವೈಂಡಿಂಗ್ ಅಂಗಡಿಯವರಿಗೆ ಬಿಡುವಿಲ್ಲದಿರುವುದಕ್ಕೆ ಸಿಡಿಲು ಒಂದೇ ಕಾರಣವಲ್ಲ.

ಲಕ್ಷಣಗಳು ಮೊದಲೇ ಕಾಣುತ್ತವೆ. ಎಂಜಿನ್ನಿನ ದನಿ ದಪ್ಪವಾಗುತ್ತದೆ, ಕಪ್ಪು ಹೊಗೆ ಬರುತ್ತದೆ, ಫ್ಯಾನು ನಿಧಾನವಾಗುತ್ತದೆ, ಬ್ರೇಕರ್ ಬೀಳುತ್ತದೆ. ಬ್ರೇಕರ್ ಬಿದ್ದರೆ ಅದು ಸಾಕು ಎಂದು ಹೇಳಿದಂತೆ. ಅದನ್ನು ಮತ್ತೆ ಮತ್ತೆ ಎತ್ತುವುದು, ಇಲ್ಲವೇ ಅದನ್ನು ತಪ್ಪಿಸಿ ತಂತಿ ನೇರವಾಗಿ ಸುತ್ತುವುದು ಕಾವಲುಗಾರನ ಬಾಯಿ ಕಟ್ಟಿದ ಹಾಗೆ.

ತಂತಿಯ ಪಾತ್ರವನ್ನೂ ಇಲ್ಲಿಯೇ ಹೇಳಬೇಕು. ಜನರೇಟರನ್ನು ಮನೆಯ ಬಳಿ ಇಟ್ಟು ಐವತ್ತು ಮೀಟರ್ ದೂರದ ಬಾವಿಗೆ ಒಂದೂವರೆ ಚದರ ಮಿಲಿಮೀಟರಿನ ತೆಳು ತಂತಿ ಎಳೆಯುತ್ತೇವೆ. ಹೋಗಿಬರುವ ನೂರು ಮೀಟರ್ ತಾಮ್ರದ ತಂತಿಯ ತಡೆ ಸುಮಾರು 1.2 ಓಮ್. ಹತ್ತು ಆಂಪಿಯರ್ ಹರಿದರೆ 12 ವೋಲ್ಟ್ ದಾರಿಯಲ್ಲೇ ಹೋಯಿತು, ಪಂಪು ಹೊರಡುವಾಗ ಮೂವತ್ತು ಆಂಪಿಯರ್ ಎಳೆದರೆ 36 ವೋಲ್ಟ್. ಎರಡೂವರೆ ಚದರ ಮಿಲಿಮೀಟರಿನ ತಂತಿ ಹಾಕಿದರೆ ಈ ನಷ್ಟ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಕಡಿಮೆಯಾಗುತ್ತದೆ. ತಂತಿಯಲ್ಲಿ ಉಳಿಸಿದ ಹಣವನ್ನು ಮೋಟಾರಿನಲ್ಲಿ ಕಳೆಯುವುದು ಉಳಿತಾಯವಲ್ಲ.

ಪಲ್ಪರ್ ಮತ್ತು ಸುಲಿಯುವ ಯಂತ್ರ

ನಮ್ಮ ಕೆಲಸದ ಯಂತ್ರಗಳ ವಿಷಯ ಬೇರೆಯಾಗಿಯೇ ವಿಚಾರಿಸಬೇಕಾದದ್ದು. ಮೂರು ಫೇಸಿನ ಪಲ್ಪರ್ ಮೋಟಾರಿಗೂ, ಹೂಮಳೆ ತಪ್ಪಿದ ವರ್ಷ ಫೆಬ್ರವರಿ-ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ನಡೆಸುವ ದೊಡ್ಡ ಪಂಪಿಗೂ ಕೈಯಲ್ಲಿ ಎತ್ತಿಕೊಂಡು ಹೋಗುವ ಜನರೇಟರಿನ ಸಂಬಂಧವೇ ಇಲ್ಲ. ಅಂಥ ಕೆಲಸಕ್ಕೆ ಎಂಜಿನ್ನನ್ನೇ ಬೆಲ್ಟಿನಿಂದ ನೇರವಾಗಿ ಜೋಡಿಸುವ ಹಳೆಯ ಪದ್ಧತಿ ಇಂದಿಗೂ ಉತ್ತಮ. ಎಂಜಿನ್ನಿನಿಂದ ವಿದ್ಯುತ್ತು ಮಾಡಿ, ಆ ವಿದ್ಯುತ್ತಿನಿಂದ ಮೋಟಾರು ತಿರುಗಿಸಿ, ಆ ಮೋಟಾರಿನಿಂದ ಪಲ್ಪರ್ ತಿರುಗಿಸುವಲ್ಲಿ ಪ್ರತಿ ಹೆಜ್ಜೆಯಲ್ಲೂ ಎಣ್ಣೆಯ ಒಂದಷ್ಟು ಪಾಲು ಬಿಸಿಯಾಗಿ ಹೋಗುತ್ತದೆ.

ಅಡಿಕೆ ಸುಲಿಯುವ ಒಂದು ಅಶ್ವಶಕ್ತಿಯ ಯಂತ್ರವನ್ನು ಸಣ್ಣ ಜನರೇಟರು ನಡೆಸಬಲ್ಲದು. ಆದರೆ ಅದು ನಡೆಯುವಾಗ ಪಂಪು ಬೇಡ. ಹಸಿ ಅಡಿಕೆ ಬಿದ್ದಿರುವ ರಾತ್ರಿ ಎಲ್ಲ ಕೆಲಸವೂ ಒಟ್ಟಿಗೇ ಆಗಬೇಕೆಂಬ ಆತುರ ಸಹಜ. ಆ ಆತುರದ ರಾತ್ರಿಗಳಲ್ಲಿಯೇ ಯಂತ್ರಗಳು ಸುಡುವುದು. ಸಂಜೆಯೇ ಟ್ಯಾಂಕಿಗೆ ನೀರು ತುಂಬಿಸಿಟ್ಟುಕೊಂಡರೆ ಸುಲಿಯುವ ಹೊತ್ತಿಗೆ ಪಂಪಿನ ಹಂಗಿಲ್ಲ.

ಕಾಫಿ ಬೆಳೆಗಾರರು ಇನ್ನೊಂದು ಅಂಶವನ್ನು ಗಮನಿಸಬೇಕು. ಕಾಫಿ ಬೀಜ ಸುತ್ತಣ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಚೀಲಗಳಿರುವ ಗೋದಾಮಿನ ಮೂಲೆಯಲ್ಲಿ ಜನರೇಟರನ್ನೂ ಪೆಟ್ರೋಲು ಡಬ್ಬವನ್ನೂ ಇಟ್ಟರೆ ಪಾರ್ಚ್‌ಮೆಂಟಿಗೆ ಎಣ್ಣೆಯ ವಾಸನೆ ಹತ್ತಿ ಇಡೀ ವರ್ಷದ ದುಡಿಮೆಯ ಬೆಲೆ ಇಳಿಯಬಹುದು.

ಜೀವಕ್ಕೆ ಸಂಬಂಧಿಸಿದ ಎರಡು ಮಾತು

ಇಲ್ಲಿಯ ತನಕ ಹೇಳಿದ್ದು ಹಣದ ನಷ್ಟ. ಮುಂದಿನ ಎರಡು ಸಂಗತಿಗಳು ಪ್ರಾಣಕ್ಕೆ ಸೇರಿದವು.

ಮೊದಲನೆಯದು ಹೊಗೆ. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಅದರ ಮೊದಲ ಲಕ್ಷಣಗಳು. ಮಲಗಿದ್ದವರಿಗೆ ಆ ಲಕ್ಷಣವೂ ತಿಳಿಯುವುದಿಲ್ಲ. ಮಳೆ ಹೊಡೆಯುತ್ತದೆ, ಕಳ್ಳರ ಭಯವಿದೆ, ಸದ್ದು ನೆರೆಯವರಿಗೆ ತೊಂದರೆ ಎಂದು ಯಂತ್ರವನ್ನು ಜಗಲಿಗೋ, ಒಳಗಿನ ಸಾಮಾನು ಕೋಣೆಗೋ, ಕೊಟ್ಟಿಗೆಗೋ ಸೇರಿಸುವ ಅಭ್ಯಾಸ ನಮ್ಮಲ್ಲಿದೆ. ಕಿಟಕಿ ತೆರೆದಿಟ್ಟರೂ ಸಾಲದು. ಮನೆಯಿಂದ ಕನಿಷ್ಠ ಇಪ್ಪತ್ತು ಅಡಿ ದೂರದಲ್ಲಿ, ಹೊಗೆ ಕೊಳವೆ ಮನೆಗೆ ಬೆನ್ನು ಮಾಡಿರುವಂತೆ, ಮೇಲೆ ಮಾತ್ರ ತಗಡು ಹೊದಿಸಿ ಸುತ್ತಲೂ ತೆರೆದಿರುವ ಒಂದು ಚಪ್ಪರ ಕಟ್ಟಬೇಕು. ನೆಲ ಎತ್ತರವಾಗಿರಲಿ. ಸೋಗೆ, ಹಾಳೆ, ಅಡಿಕೆ ಸಿಪ್ಪೆಯ ರಾಶಿ ಸಮೀಪದಲ್ಲಿ ಬೇಡ. ಓಡುತ್ತಿರುವ, ಕಾದಿರುವ ಎಂಜಿನ್ನಿಗೆ ಪೆಟ್ರೋಲು ಹಾಕಕೂಡದು. ನಿಲ್ಲಿಸಿ, ಆರಲು ಬಿಟ್ಟು, ಆಮೇಲೆ ತುಂಬಬೇಕು. ಪೆಟ್ರೋಲನ್ನು ಬಾಟಲಿಗಳಲ್ಲಿ ಮನೆಯೊಳಗೆ ಸಾಲಾಗಿ ಜೋಡಿಸುವುದು ವಿವೇಕಕ್ಕೆ ವಿರುದ್ಧ.

ಎರಡನೆಯದು ಹಿಂದಕ್ಕೆ ಹರಿಯುವ ಕರೆಂಟು. ಎರಡೂ ತುದಿಗೆ ಪ್ಲಗ್ ಕಟ್ಟಿದ ತಂತಿಯೊಂದನ್ನು ಮಾಡಿ, ಒಂದು ತುದಿ ಜನರೇಟರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಬೆಳಕು ಮಾಡುವ ಉಪಾಯ ಹಳ್ಳಿಹಳ್ಳಿಯಲ್ಲಿ ಕಾಣಸಿಗುತ್ತದೆ. ಮೇನ್ ಸ್ವಿಚ್ ಆರಿಸಲು ಮರೆತ ದಿನ ಈ ಕರೆಂಟು ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಆ ಕಡೆಯಿಂದ ಬಂದ ಸಾವಿರಾರು ವೋಲ್ಟನ್ನು ಇಳಿಸಿ ನಮಗೆ ಕೊಡುವ ಹಾಗೆಯೇ, ಈ ಕಡೆಯಿಂದ ಹೋದ 230 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಮೇಲಿನ ತಂತಿಗೆ ಕೊಡುತ್ತದೆ. ಅತ್ತ ಸುರಿಯುವ ಮಳೆಯಲ್ಲಿ ಲೈನ್ ಆಫ್ ಮಾಡಿಸಿಕೊಂಡು ಕಂಬ ಹತ್ತಿದ ಪವರ್‌ಮ್ಯಾನ್ ಆ ತಂತಿಯನ್ನು ಸತ್ತ ತಂತಿಯೆಂದು ನಂಬಿ ಕೈಯಿಡುತ್ತಾನೆ.

ಅಕ್ಕಪಕ್ಕದ ಮನೆಗಳ ಹೊರೆಯೆಲ್ಲ ಬಿದ್ದು ಜನರೇಟರು ತಾನೇ ನಿಂತುಹೋಗುತ್ತದೆ, ಭಯವಿಲ್ಲ ಎಂದು ವಾದಿಸುವವರಿದ್ದಾರೆ. ಅನೇಕ ವೇಳೆ ಹಾಗಾಗಬಹುದು. ಆದರೆ ತಂತಿ ನಮ್ಮ ಮನೆಯ ಹತ್ತಿರವೇ ಹರಿದಿದ್ದರೆ, ಒಂಟಿ ಮನೆಗೆಂದೇ ಟ್ರಾನ್ಸ್‌ಫಾರ್ಮರ್ ಇದ್ದರೆ, ಹೊರೆ ಇರುವುದಿಲ್ಲ, ಯಂತ್ರ ನಿಲ್ಲುವುದೂ ಇಲ್ಲ. ಹರಿದ ತಂತಿಯನ್ನು ಜೋಡಿಸಲು ಆ ಮನುಷ್ಯ ಬರುವುದೂ ಅಲ್ಲಿಗೇ. ನಮಗೆ ಕರೆಂಟು ಕೊಡಿಸಲೆಂದು ಬಂದವನನ್ನು ನಮ್ಮ ಕರೆಂಟೇ ಕೊಲ್ಲುವುದಕ್ಕಿಂತ ದೊಡ್ಡ ಪಾಪ ಬೇರಾವುದು? ಅವನು ಉಳಿದರೂ ಆ ತಂತಿ ನಮಗೂ ಮೃತ್ಯುವೇ. ಅದರ ಒಂದು ತುದಿ ಸಾಕೆಟ್ಟಿನಿಂದ ಕಳಚಿದರೆ ಬರಿಯ ಹಲ್ಲುಗಳಲ್ಲಿ 230 ವೋಲ್ಟ್ ನಿಂತಿರುತ್ತದೆ. ಲೈನು ತಟ್ಟನೆ ಬಂದರೆ ಎರಡು ಕರೆಂಟುಗಳು ಡಿಕ್ಕಿಯಾಗಿ ಜನರೇಟರು ಸುಟ್ಟುಹೋಗುತ್ತದೆ.

ಇದಕ್ಕೆ ಮದ್ದು ಒಂದೇ, ಫೇಸು ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಚೇಂಜ್‌ಓವರ್ ಸ್ವಿಚ್. ಅದರ ಹಿಡಿ ಲೈನಿನ ಕಡೆಗಿದ್ದರೆ ಜನರೇಟರಿಗೆ ದಾರಿಯಿಲ್ಲ, ಜನರೇಟರಿನ ಕಡೆಗಿದ್ದರೆ ಲೈನಿಗೆ ದಾರಿಯಿಲ್ಲ. ಮರೆವಿಗೆ ಅಲ್ಲಿ ಎಡೆಯೇ ಇಲ್ಲ. ಅದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನಿಂದಲೇ ಹಾಕಿಸಿ, ಜನರೇಟರಿನ ಮೈಗೂ ನ್ಯೂಟ್ರಲ್ಲಿಗೂ ಸರಿಯಾದ ಅರ್ತಿಂಗ್ ಕೊಡಿಸಬೇಕು. ಅರ್ತಿಂಗ್ ಇಲ್ಲದಿದ್ದರೆ ಮನೆಯಲ್ಲಿರುವ ಆಘಾತ ರಕ್ಷಕ ಬ್ರೇಕರ್ ಕೂಡ ಜನರೇಟರಿನ ಕರೆಂಟಿನಲ್ಲಿ ಕೆಲಸಕ್ಕೆ ಬಾರದೆ ಹೋಗಬಹುದು.

ಆಕ್ಷೇಪಗಳು ಮತ್ತು ಸಂಘದ ಕರ್ತವ್ಯ

ಇಷ್ಟಕ್ಕೆಲ್ಲ ಖರ್ಚಾಗುತ್ತದೆ ಎಂಬ ಆಕ್ಷೇಪ ಬರುವುದು ಸ್ವಾಭಾವಿಕ. ಚೇಂಜ್‌ಓವರ್ ಸ್ವಿಚ್ ಮತ್ತು ಅರ್ತಿಂಗಿನ ಖರ್ಚು ಜನರೇಟರಿನ ಬೆಲೆಯಲ್ಲಿ ಸಣ್ಣ ಪಾಲು. ಅದನ್ನು ಪ್ರತ್ಯೇಕ ಖರ್ಚೆಂದು ನೋಡುವುದೇ ತಪ್ಪು. ನೊಗವಿಲ್ಲದೆ ಎತ್ತು ಕೊಂಡಂತೆ ಅದಿಲ್ಲದೆ ಜನರೇಟರು ಕೊಳ್ಳುವುದು. ಇಷ್ಟು ವರ್ಷ ಹೀಗೆಯೇ ನಡೆಸಿದ್ದೇವೆ, ಏನೂ ಆಗಿಲ್ಲ ಎಂಬುದು ಇನ್ನೊಂದು ಮಾತು. ಹಿಂದಕ್ಕೆ ಹರಿದ ಕರೆಂಟಿಗೆ ಸಿಕ್ಕವನು ತನ್ನ ಅನುಭವ ಹೇಳಲು ಉಳಿಯುವುದಿಲ್ಲ ಎಂಬುದನ್ನು ಹಾಗೆ ಹೇಳುವವರು ನೆನಪಿಡಬೇಕು.

ನಮ್ಮ ಸಂಘಗಳು ಮೂರು ಕೆಲಸಗಳನ್ನು ಮಾಡಬೇಕೆಂಬುದು ನನ್ನ ಸೂಚನೆ. ಒಂದನೆಯದಾಗಿ, ಸಂಘದ ಮಳಿಗೆಯಿಂದಾಗಲಿ, ಸಂಘದ ಸಾಲದಿಂದಾಗಲಿ ಜನರೇಟರು ಕೊಳ್ಳುವ ಸದಸ್ಯರಿಗೆ ಚೇಂಜ್‌ಓವರ್ ಸ್ವಿಚ್ಚನ್ನೂ ಅದೇ ಬಿಲ್ಲಿನಲ್ಲಿ ಸೇರಿಸಿಯೇ ಕೊಡಬೇಕು, ಬಿಡಿಯಾಗಿ ಯಂತ್ರ ಕೊಡಕೂಡದು. ಎರಡನೆಯದಾಗಿ, ಮೃಗಶಿರ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ಪರವಾನಗಿದಾರ ಎಲೆಕ್ಟ್ರಿಷಿಯನ್ನನನ್ನು ಗೊತ್ತುಮಾಡಿ, ಸದಸ್ಯರ ಮನೆಗಳ ಜೋಡಣೆಯನ್ನು ಪರೀಕ್ಷಿಸುವ ಏರ್ಪಾಡು ಮಾಡಬೇಕು. ಒಬ್ಬೊಬ್ಬರೇ ಕರೆದರೆ ಬಾರದವನು ಹತ್ತು ಮನೆಗಳ ಕೆಲಸ ಸಿಕ್ಕರೆ ಬರುತ್ತಾನೆ. ಮೂರನೆಯದಾಗಿ, ನೆರೆಹೊರೆಯ ಐದಾರು ಸಣ್ಣ ಬೆಳೆಗಾರರು ತಲೆಗೊಂದು ಸಣ್ಣ ಯಂತ್ರ ಕೊಂಡು ಪ್ರತಿಯೊಂದನ್ನೂ ಮೀರಿ ದುಡಿಸುವ ಬದಲು, ಕೊಯ್ಲಿನ ಕಾಲಕ್ಕೆ ಪಲ್ಪರನ್ನೂ ಸುಲಿಯುವ ಯಂತ್ರವನ್ನೂ ನಡೆಸಬಲ್ಲ ಒಂದು ದೊಡ್ಡ ಎಂಜಿನ್ನನ್ನು ಸಂಘದ ಮೂಲಕ ಬಾಡಿಗೆಗೆ ಪಡೆಯುವಂತಾಗಬೇಕು. ಸ್ಪ್ರೇ ಪಂಪುಗಳನ್ನು ಸರದಿಯ ಮೇಲೆ ಬಳಸಬಲ್ಲ ನಮಗೆ ಇದು ಅಸಾಧ್ಯವಲ್ಲ. ಸರದಿಯ ಜಗಳ ಬರಬಹುದು, ಆದರೆ ಸಹಕಾರವೆಂದರೆ ಆ ಜಗಳವನ್ನು ಕುಳಿತು ಬಗೆಹರಿಸಿಕೊಳ್ಳುವುದೇ ಅಲ್ಲವೆ?

ಸಂಘ ಮಾಡುವ ತನಕ ಕಾಯದೆ ಮನೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಮನೆಯ ಸಾಮಾನುಗಳ ವಾಟ್‌ಗಳನ್ನು ಒಂದು ಹಲಗೆಯ ಮೇಲೆ ಸ್ಪಷ್ಟವಾದ ಕನ್ನಡದಲ್ಲಿ ಬರೆದು ಚೇಂಜ್‌ಓವರಿನ ಪಕ್ಕದಲ್ಲಿ ತೂಗುಹಾಕಿ. ಯಾವುದು ಮೊದಲು, ಯಾವುದು ಆಮೇಲೆ, ಯಾವುದರೊಡನೆ ಯಾವುದು ಕೂಡದು ಎಂಬುದೂ ಅದರಲ್ಲಿರಲಿ. ಚಾಲೂ ಮಾಡಿ ಎರಡು ಮೂರು ನಿಮಿಷ ಹೊರೆಯಿಲ್ಲದೆ ಓಡಲು ಬಿಡುವುದು, ನಿಲ್ಲಿಸುವಾಗ ಹೊರೆಯನ್ನೆಲ್ಲ ತೆಗೆದು ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಆಮೇಲೆ ನಿಲ್ಲಿಸುವುದು, ಹೊರೆಯ ಮೇಲಿರುವಾಗ ಪೆಟ್ರೋಲು ಮುಗಿದು ತಾನಾಗಿ ನಿಲ್ಲುವಂತೆ ಮಾಡದಿರುವುದು, ಇವೂ ಇರಲಿ. ಈ ಹಲಗೆಯನ್ನು ಯಜಮಾನ ಒಬ್ಬನೇ ಓದಿಕೊಂಡರೆ ಸಾಲದು. ಅವನು ಪೇಟೆಗೆ ಹೋದ ದಿನವೇ ಕರೆಂಟು ಹೋಗುವುದು ಹೆಚ್ಚು. ಆಗ ಹಗ್ಗ ಎಳೆಯುವವರು ಮನೆಯ ಹೆಂಗಸರು, ಓದುವ ಮಕ್ಕಳು, ಇಲ್ಲವೆ ತೋಟದ ಆಳು. ಅವರೆಲ್ಲರ ಕೈಯಲ್ಲಿ ಒಮ್ಮೊಮ್ಮೆ ಮಾಡಿಸಿ ತೋರಿಸಬೇಕು. ತಿಳಿಯದವರ ಕೈಗೆ ಯಂತ್ರ ಕೊಟ್ಟು ಸುಟ್ಟ ಮೇಲೆ ಅವರನ್ನು ಬಯ್ಯುವುದು ನ್ಯಾಯವಲ್ಲ.

ಮಳೆಗಾಲದ ಕತ್ತಲೆ ನಮ್ಮ ಕೈಯಲ್ಲಿಲ್ಲ. ಆ ಕತ್ತಲೆಯಲ್ಲಿ ನಾವು ಹಚ್ಚುವ ಬೆಳಕು ಎಷ್ಟಿರಬೇಕು, ಯಾವ ದಾರಿಯಲ್ಲಿ ಬರಬೇಕು ಎಂಬುದು ನಮ್ಮ ಕೈಯಲ್ಲಿದೆ. ಬರುವ ಮಹಾಸಭೆಯಲ್ಲಿ ಸದಸ್ಯ ಬಂಧುಗಳು ಈ ಮೂರು ಸೂಚನೆಗಳನ್ನು ಎತ್ತಿಕೊಂಡು ಚರ್ಚಿಸಬೇಕೆಂದು ಕೋರುತ್ತೇನೆ. ಒಪ್ಪದವರು ತಮ್ಮ ಕಾರಣಗಳನ್ನು ಈ ಪತ್ರಿಕೆಗೇ ಬರೆಯಲಿ. ವಾದ ಬೆಳೆದರೆ ನಷ್ಟವಿಲ್ಲ, ಮುಂದಿನ ಆರಿದ್ರೆಯ ಒಳಗೆ ಒಂದು ತೀರ್ಮಾನವಾದರೆ ಸಾಕು.